ಹ್ಯಾಲಿಫ್ಯಾಕ್ಸಿನಲ್ಲಿ ಭದ್ರಾವತಿ ಬ್ಲೋಡೌನ್

ಬೆಂಗಳೂರು, ಹೊರಡುವ ದಿನ

ಇಂಗ್ಲೆಂಡಿಗೆ ಹೊರಟ ಮನುಷ್ಯನ ಕೈಚೀಲದಲ್ಲಿ ಎರಡು ಸ್ಪ್ಯಾನರ್, ಒಂದು ದೊಡ್ಡ ಸ್ಕ್ರೂಡ್ರೈವರ್ ಯಾಕಿವೆ ಅಂತ ವಿಮಾನ ನಿಲ್ದಾಣದ ತಪಾಸಣೆಯ ಹೆಣ್ಣುಮಗಳು ಕೇಳಿದಳು.

"ತಂಗಿ ಮನೆಗೆ ಹೋಗ್ತಿದೀನಿ ಮೇಡಂ" ಅಂದೆ.

"ತಂಗಿ ಮನೆಗೆ ಸೀರೆ ತಗೊಂಡು ಹೋಗ್ತಾರೆ ಸಾರ್. ಸ್ಪ್ಯಾನರ್ ಯಾರು ಒಯ್ತಾರೆ?"

ಪಕ್ಕದಲ್ಲಿದ್ದ ನನ್ನ ಹೆಂಡತಿ ಮೆಹರುನ್ನಿಸಾ ಪೂರ್ತಿ ಅವಳ ಪಕ್ಷ ವಹಿಸಿ ನಕ್ಕಳು. ಮೂರೂ ಸಾಮಾನು ಅಲ್ಲೇ ಡಬ್ಬಿಗೆ ಬಿದ್ದವು. ಐವತ್ತೆಂಟನೇ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಹತ್ತುವ ಸಡಗರ ನೋಡಿ, ದುಃಖಪಡೋಕೂ ನನಗೆ ಪುರಸೊತ್ತಿರಲಿಲ್ಲ.

ನಾನು ಯಾರು ಅಂತ ಹೇಳಿಬಿಡ್ತೀನಿ. ಹೆಸರು ಕರೀಂ. ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಬಾಯ್ಲರ್ ನೋಡಿಕೊಂಡವನು. ಕಾರ್ಖಾನೆ ನಿಂತ ಮೇಲೆ ಕಾಗದನಗರದ ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗಕ್ಕೆ ಬಂದು ಸವಳಂಗ ರಸ್ತೆಯಲ್ಲಿ ಏಸಿ, ಗೀಸರ್ ರಿಪೇರಿ ಅಂಗಡಿ ಇಟ್ಟೆ. ಹಳೇ ಮನೆಗೆ ಏಸಿ ಕೂರಿಸೋದು ಅಂದ್ರೆ ನನ್ನನ್ನೇ ಕರೀತಾರೆ. ಬಾಗಿಲ ಕೆಳಗೆ ಬೆಕ್ಕು ನುಸುಳುವಷ್ಟು ಸಂದು ಇಟ್ಕೊಂಡು "ಏಸಿ ತಣ್ಣಗೆ ಮಾಡಲ್ಲ ಸಾಬ್ರೇ" ಅಂತ ಗೊಣಗುವವರಿಗೆ, "ನೀವು ತಣ್ಣಗೆ ಮಾಡ್ತಿರೋದು ಸವಳಂಗ ರಸ್ತೆನ ಮಾರಾಯ್ರೆ, ಮನೆನ ಅಲ್ಲ" ಅಂತ ಬೈದು, ಸಂದು ಮುಚ್ಚಿಸಿದ ಮೇಲೇ ನಾನು ಪೆಟ್ಟಿಗೆ ಬಿಚ್ಚೋದು.

ತಂಗಿ ಶಾಹೀನ್ ಅಮ್ಮ ತೀರಿಕೊಂಡ ಮೇಲೆ ನಮ್ಮ ಕ್ವಾರ್ಟರ್ಸಿನಲ್ಲೇ ಬೆಳೆದವಳು. ಅವಳ ಗಂಡ ಇಮ್ತಿಯಾಜ್ ಭದ್ರಾವತಿ ನ್ಯೂ ಟೌನಿನವನು, ಈಗ ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಅನ್ನೋ ಊರಲ್ಲಿ ಬಸ್ ಡ್ರೈವರ್. ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ತನ್ನ ಮನೆಯಲ್ಲೇ ನೋಡಿಕೊಳ್ಳಬೇಕು ಅಂತ ಶಾಹೀನ್ ಎರಡು ವರ್ಷದಿಂದ ಒದ್ದಾಡ್ತಿದ್ದಳು. ತರಬೇತಿ ಮುಗಿಸಿದ್ದಳು, ಕಾಗದಪತ್ರ ಎಲ್ಲ ಆಗಿತ್ತು. ಸರ್ಕಾರದ ಕಡೆಯವರು ಬಂದು ಮನೆ ನೋಡಿ ಒಪ್ಪಬೇಕಿತ್ತು, ಅಷ್ಟೇ.

"ಭಾಯ್, ಅವರು ಬರೋದು ಚಳಿಗಾಲದಲ್ಲಂತೆ. ಮನೆ ಬೆಚ್ಚಗಿಲ್ಲ ಅಂದ್ರೆ ಮಕ್ಕಳನ್ನ ಇಟ್ಕೊಳ್ಳೋಕೆ ಬಿಡಲ್ಲ. ನಮ್ದು ನೂರು ವರ್ಷ ದಾಟಿದ ಮನೆ. ನೀವೂ ಭಾಬಿನೂ ಬನ್ನಿ, ಒಂದು ಸಲ ನಿಮ್ಮ ಕೈ ಆಡಿಸಿ" ಅಂತ ಫೋನಿನಲ್ಲಿ ಅಂದಿದ್ದಳು. ಇಷ್ಟು ಕೇಳಿದ ಅಣ್ಣ ಸ್ಪ್ಯಾನರ್ ಬಿಟ್ಟು ಸೀರೆ ಒಯ್ಯೋಕಾಗುತ್ತಾ?

ಹ್ಯಾಲಿಫ್ಯಾಕ್ಸ್, ಇಳಿದ ದಿನ

ಊರು ನೋಡಿ ನಾನು ಕುಣಿದಾಡೋದೊಂದು ಬಾಕಿ! ಗುಡ್ಡದ ಮೈಮೇಲೆ ಕಲ್ಲಿನ ಮನೆಗಳ ಸಾಲು, ಒಂದರ ಗೋಡೆಗೆ ಇನ್ನೊಂದರ ಗೋಡೆ. ಎಲ್ಲ ಉಣ್ಣೆ ಗಿರಣಿಯ ಕೆಲಸಗಾರರಿಗೆ ಕಟ್ಟಿಸಿದ್ದವಂತೆ. ಗಿರಣಿಗಳು ಎಂದೋ ನಿಂತಿವೆ, ಎತ್ತರದ ಚಿಮಣಿಗಳು ಮಾತ್ರ ನಿಂತೇ ಇವೆ. "ಮೆಹರು, ನೋಡೇ, ಇದು ನಮ್ಮ ಕಾಗದನಗರ ಕಣೇ! ಸ್ವಲ್ಪ ಚಳಿ ಜಾಸ್ತಿ, ಅಷ್ಟೇ" ಅಂದೆ. ಅವಳು ಎರಡು ಶಾಲುಗಳ ಒಳಗಿಂದ, "ಸ್ವಲ್ಪಾನಾ?" ಅಂದಳು.

ಊರಿಗೆ ಬಂದದ್ದು ಇಮ್ತಿಯಾಜನ ಕಂಪನಿಯದ್ದೇ ಬಸ್ಸಿನಲ್ಲಿ. ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ಕೋಲು ಹಿಡಿದ ಅಜ್ಜಿಯೂ ಹೇಳಿದಳು, ಕಿವಿಯಲ್ಲಿ ಹಾಡು ತುರುಕಿಕೊಂಡಿದ್ದ ಕಾಲೇಜು ಹುಡುಗಿಯೂ ಹೇಳಿದಳು. ನಮ್ಮ ಶಿವಮೊಗ್ಗ ಭದ್ರಾವತಿ ಬಸ್ಸಿನಲ್ಲಿ ಹೀಗೆ ಶುರು ಮಾಡಿದರೆ ಡ್ರೈವರು, ಏನೋ ಎಡವಟ್ಟಾಗಿದೆ ಅಂತ ಬ್ರೇಕ್ ಹಾಕಿಬಿಟ್ಟಾನು. ನಾನೂ ಇಳಿಯುವಾಗ ಎರಡು ಸಲ ಥ್ಯಾಂಕ್ಸ್ ಹೇಳಿದೆ, ಮೆಹರುನದ್ದೂ ಸೇರಿಸಿ.

ಶಾಹೀನ್ ಬಾಗಿಲಲ್ಲೇ ತಬ್ಬಿಕೊಂಡು ಅತ್ತಳು. ಆಮೇಲೆ ಮುಂದಿನ ಕೋಣೆ ತೋರಿಸಿದಳು. ಮಕ್ಕಳ ಕೋಣೆ ಅದು. ಗಿಡ್ಡ ಮೇಜು, ಮೊಣಕಾಲೆತ್ತರದ ಕುರ್ಚಿಗಳು, ಬಟ್ಟೆಯ ಆನೆ, ಗೋಡೆಗೆ ತಾನೇ ಬರೆದ ಹಣ್ಣುಗಳ ಚಿತ್ರ. ಎಲ್ಲ ಜೋಡಿಸಿಟ್ಟಿದ್ದಳು, ಇನ್ನೂ ಒಂದೂ ಮಗು ಬಂದಿರಲಿಲ್ಲ. ಇದನ್ನು ಬೆಚ್ಚಗೆ ಮಾಡಿಯೇ ಊರಿಗೆ ಹೋಗೋದು ಅಂತ ಅಲ್ಲೇ ತೀರ್ಮಾನ ಮಾಡಿದೆ.

ಅಡುಗೆಮನೆಯ ಬೀರು

ಅಲ್ಲಿಯ ಮನೆ ಬೆಚ್ಚಗಾಗುವ ಬಗೆ ಹೀಗೆ. ಅಡುಗೆಮನೆಯ ಬೀರುವಿನಲ್ಲಿ ಗ್ಯಾಸಿನ ಒಂದು ಪುಟ್ಟ ಬಾಯ್ಲರ್. ಅದು ನೀರು ಕಾಯಿಸುತ್ತೆ, ಪಂಪು ಆ ನೀರನ್ನು ಮನೆಯೆಲ್ಲ ಸುತ್ತಿಸುತ್ತೆ. ಪ್ರತಿ ಕೋಣೆಯ ಗೋಡೆಗೂ ಕಬ್ಬಿಣದ ಚಪ್ಪಟೆ ರೇಡಿಯೇಟರ್. ಬಿಸಿ ನೀರು ಅದರೊಳಗೆ ಹರಿದು ಕೋಣೆ ಕಾಯಿಸಿ ಮತ್ತೆ ಬಾಯ್ಲರಿಗೆ ವಾಪಸ್.

ಬೀರುವಿನ ಬಾಗಿಲು ತೆಗೆದಾಗ ನನಗೆ ಹಳೇ ಗೆಳೆಯ ಸಿಕ್ಕಷ್ಟು ಖುಷಿ. ಕಾರ್ಖಾನೆಯ ನಮ್ಮ ಬಾಯ್ಲರ್ ಮೂರಂತಸ್ತಿನ ಕಟ್ಟಡದಷ್ಟಿತ್ತು, ಇದು ಗೋಧಿ ಹಿಟ್ಟಿನ ಡಬ್ಬದಷ್ಟು. ಆದರೇನು, ಒತ್ತಡದ ಮುಳ್ಳಿದೆ, ವಾಲ್ವಿದೆ, ಪಂಪಿದೆ. ಇಮ್ತಿಯಾಜ್ ಕೆಳಗಿನ ಒಂದು ಬೆಳ್ಳಿ ಬಣ್ಣದ ಪೈಪು ತೋರಿಸಿ, "ಭಾಯ್‌ಸಾಬ್, ಮುಳ್ಳು ತೀರಾ ಇಳಿದ್ರೆ ಇದನ್ನ ತಿರುಗಿಸಿದ್ರೆ ನಲ್ಲಿ ನೀರು ತುಂಬ್ಕೊಳ್ಳುತ್ತೆ" ಅಂದ. ನನಗೆ ಅಷ್ಟು ಸಾಕಾಯ್ತು.

ಕಾರ್ಖಾನೆಯಲ್ಲಿ ಬೆಳಿಗ್ಗೆ ಆರಕ್ಕೆ ಶಿಫ್ಟ್ ವಹಿಸಿಕೊಂಡ ಕೂಡಲೇ ನಾವು ಮಾಡುತ್ತಿದ್ದ ಮೊದಲ ಕೆಲಸ ಬ್ಲೋಡೌನ್. ಬಾಯ್ಲರಿನ ತಳದ ವಾಲ್ವ್ ಬಿಚ್ಚಿ, ಅಡಿಗೆ ಕೂತ ಗಸಿಯನ್ನೆಲ್ಲ ಹೊರಗೆ ಕಕ್ಕಿಸಿ, ಹೊಸ ನೀರು ತುಂಬೋದು. ಹಬ್ಬವಿರಲಿ, ಜ್ವರವಿರಲಿ, ಅದು ತಪ್ಪಬಾರದು. ನನಗದು ನಮಾಜಿನ ಹಾಗೇ ಮೈಗೆ ಹತ್ತಿದ ಕೆಲಸ.

ಶಾಹೀನಳ ಮನೆಯ ಹಿಂಬಾಗಿಲ ಹತ್ತಿರ, ಪೈಪಿನ ತೀರಾ ತಗ್ಗಿನಲ್ಲಿ ಒಂದು ಪುಟ್ಟ ವಾಲ್ವ್ ಕಣ್ಣಿಗೆ ಬಿತ್ತು. ಮಾರನೇ ಬೆಳಿಗ್ಗೆ ಆರಕ್ಕೆ, ಎಲ್ಲ ಮಲಗಿರುವಾಗ, ಅದಕ್ಕೊಂದು ಬಕೆಟ್ ಹಿಡಿದು ಇಮ್ತಿಯಾಜನ ಸ್ಪ್ಯಾನರಿನಿಂದ ಬಿಚ್ಚಿದೆ. ಯಾ ಅಲ್ಲಾ, ಎಂಥಾ ನೀರು! ಶಾಯಿಯಷ್ಟು ಕಪ್ಪು! "ಇಷ್ಟು ವರ್ಷ ಒಬ್ಬರೂ ಬ್ಲೋಡೌನ್ ಮಾಡಿಲ್ಲವಲ್ಲ, ಪಾಪ" ಅಂತ ಆ ಬಾಯ್ಲರಿನ ಬಗ್ಗೆ ಮರುಕವಾಯ್ತು. ಒಂದು ಬಕೆಟ್ ತೆಗೆದೆ, ಬೆಳ್ಳಿ ಪೈಪು ತಿರುಗಿಸಿ ಹೊಸ ನೀರು ತುಂಬಿದೆ, ಬಕೆಟ್ ಚರಂಡಿಗೆ ಸುರಿದು ಚಹಾ ಕಾಯಿಸಿದೆ. ಎರಡು ವಾರ, ಒಂದು ದಿನವೂ ಬಿಡದೆ, ಹೀಗೇ ಮಾಡಿದೆ. ಯಾರಿಗೂ ಹೇಳಲಿಲ್ಲ. ಒಳ್ಳೇ ಕೆಲಸ ಸದ್ದಿಲ್ಲದೆ ಮಾಡಬೇಕು ಅಂತ ನನ್ನ ದೊಡ್ಡಸ್ತಿಕೆ.

ಸೋಮವಾರ

ಪರೀಕ್ಷೆಯ ಅಧಿಕಾರಿ ಶುಕ್ರವಾರ ಬರ್ತಾರೆ ಅಂತ ಪತ್ರ ಬಂದಿತ್ತು. ಸೋಮವಾರ ಬೆಳಿಗ್ಗೆ ಮೇಲಿನ ಕೋಣೆಗಳ ರೇಡಿಯೇಟರುಗಳು ಐಸು. ಮಕ್ಕಳ ಕೋಣೆಯದ್ದು ಮೇಲೆ ಉಗುರುಬೆಚ್ಚಗೆ, ಕೆಳಗೆ ತಣ್ಣಗೆ. ಬಾಯ್ಲರ್ ಅಕ್ಕಿ ಬೇಯುವ ಹಾಗೆ ಕೊತಕೊತ ಅಂದು, ಕೆಂಪು ದೀಪ ತೋರಿಸಿ ನಿಂತೇ ಹೋಯ್ತು. ಹೊರಗೆ ಹುಲ್ಲಿನ ಮೇಲೆ ಬೆಳ್ಳಗೆ ಹಿಮ. ಶಾಹೀನ್ ಮುಖ ನೋಡೋಕಾಗಲಿಲ್ಲ.

ಫೋನ್ ಮಾಡಿದ ಎರಡು ಗಂಟೆಗೆ ಬಾಯ್ಲರ್ ರಿಪೇರಿಯವರು ಬಂದರು. ಬಂದದ್ದು ನನ್ನದೇ ವಯಸ್ಸಿನ ಹೆಂಗಸು, ಹೆಸರು ಹೆಲೆನ್. ಮೊಣಕಾಲಿಗೆ ಗಟ್ಟಿ ಪ್ಯಾಡು, ಸೊಂಟಕ್ಕೆ ಟಾರ್ಚು. ಬಾಗಿಲು ತೆಗೆದವನು ನಾನು. "ಮಾರ್ನಿಂಗ್, ಲವ್" ಅಂದಳು. ನಾನು ಬೆಚ್ಚಿಬಿದ್ದು ಹಿಂದಕ್ಕೆ ನೋಡಿದೆ, ಮೆಹರು ಕೇಳಿಸಿಕೊಂಡಳಾ ಅಂತ. ಆಮೇಲೆ ನೋಡಿದರೆ ಆಕೆ ಇಮ್ತಿಯಾಜನಿಗೂ ಲವ್, ಶಾಹೀನಳಿಗೂ ಲವ್, ಪಕ್ಕದ ಮನೆಯ ನಾಯಿಗೂ ಲವ್. ಅದು ಆ ಊರಿನ ಮಾತಿನ ರೂಢಿ. ಮೆಹರು ಆ ದಿನದಿಂದ ನನ್ನನ್ನು ಕರೆಯುವಾಗೆಲ್ಲ "ಏನ್ ಲವ್, ಚಹಾ ಬೇಕಾ?" ಅಂತ ಕಾಡಿಸಿದಳು.

ಹೆಲೆನಳ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಆದರೆ ವಾಲ್ವ್, ಗ್ಯಾಸ್ಕೆಟ್, ಪ್ರೆಶರ್ ಅಂದ ಕೂಡಲೇ ನಾವಿಬ್ಬರೂ ಒಂದೇ ಕಾರ್ಖಾನೆಯವರು. ಬಾಯ್ಲರಿನ ಮುಚ್ಚಳಕ್ಕೆ ನಾನು ಕೈ ಹಾಕಹೋದಾಗ ಮಾತ್ರ ಪಟ್ಟಂತ ಕೈ ಅಡ್ಡ ಇಟ್ಟಳು. ಅಲ್ಲಿ ಗ್ಯಾಸಿನ ಬಾಯ್ಲರನ್ನು ಪರವಾನಗಿ ಇದ್ದವರಷ್ಟೇ ಮುಟ್ಟಬೇಕಂತೆ. ನನಗೆ ಸ್ವಲ್ಪ ಉರಿಯಿತು. ಆದರೆ ಕಾರ್ಖಾನೆಯಲ್ಲಿ ನನ್ನ ಬಾಯ್ಲರನ್ನು ಹೊರಗಿನವನು ಮುಟ್ಟಿದ್ದರೆ ನಾನು ಕೈ ಅಡ್ಡ ಇಡ್ತಿರಲಿಲ್ಲ, ಬೆನ್ನಿಗೇ ಇಡ್ತಿದ್ದೆ.

ಆಕೆ ಪೈಪಿನಲ್ಲಿದ್ದ ಅಯಸ್ಕಾಂತದ ಜಾಲರಿ ಬಿಚ್ಚಿದಳು. ಕಾಡಿಗೆಯಂಥ ಗಸಿ ಮುದ್ದೆಯಾಗಿ ಅಂಟಿತ್ತು. ಒಂದಿಷ್ಟು ನೀರು ಹಿಡಿದು, ಕಾಗದದ ಪಟ್ಟಿ ಅದ್ದಿ ಬಣ್ಣ ನೋಡಿದಳು. ಮುಖ ಗಂಟಿಕ್ಕಿತು.

"ಹೋದ ವರ್ಷ ನಾನೇ ತುಕ್ಕು ತಡೆಯೋ ಔಷಧಿ ಹಾಕಿದ್ದೆ. ಈಗ ಒಂದು ತೊಟ್ಟೂ ಉಳಿದಿಲ್ಲ. ಪೂರ್ತಿ ಹೊಸ ನೀರು. ಯಾರು ತುಂಬಿಸ್ತಿದ್ದೀರಿ?"

ಆಗ ವಿವರಿಸಿದಳು. ಇದು ಮುಚ್ಚಿದ ಸುತ್ತು. ಒಳಗಿನ ಅದೇ ನೀರು ವರ್ಷಗಟ್ಟಲೆ ತಿರುಗಬೇಕು. ಹೊಸ ನೀರು ಹೋದಷ್ಟೂ ಅದರ ಜೊತೆ ಗಾಳಿ ಹೋಗುತ್ತೆ, ಗಾಳಿ ಹೋದಷ್ಟೂ ಕಬ್ಬಿಣ ತುಕ್ಕಾಗುತ್ತೆ. ತಳದಲ್ಲಿ ಸುಮ್ಮನೆ ಕೂತಿದ್ದ ಹಳೇ ಗಸಿಯನ್ನು ಯಾರೋ ಕೆದಕಿ ಪಂಪಿಗೆ ಕಳಿಸಿದ್ದಾರೆ.

ಆ ಯಾರೋ ನಾನೇ! ಕಾರ್ಖಾನೆಯಲ್ಲಿ ನೀರು ಹಬೆಯಾಗಿ ಹೋಗಿಬಿಡುತ್ತಿತ್ತು, ಗಸಿ ಉಳಿಯುತ್ತಿತ್ತು, ಅದಕ್ಕೆ ಬ್ಲೋಡೌನ್. ಇಲ್ಲಿ ಹಬೆಯೇ ಇಲ್ಲ! ಇಪ್ಪತ್ತೆರಡು ವರ್ಷದ ಅನುಭವಸ್ಥ, ಇಷ್ಟು ಸಣ್ಣ ವಿಷಯ ತಲೆಗೆ ಹೋಗಲಿಲ್ಲವಲ್ಲ.

ಇಮ್ತಿಯಾಜ್, "ನಾನೇ ಇರ್ಬೇಕು, ಎರಡು ತಿಂಗಳಿಗೊಮ್ಮೆ ಸ್ವಲ್ಪ ತುಂಬಿಸ್ತೀನಿ" ಅಂದ. ಹಿಂದೊಮ್ಮೆ ಬಚ್ಚಲಿಗೆ ಯಾರನ್ನೂ ಕರೆಸದೆ ಅವನೇ ಒಂದು ರೇಡಿಯೇಟರ್ ಕೂರಿಸಿದ್ದ. ಶಾಹೀನ್ ಅವನ ಮೇಲೆ ಹರಿಹಾಯ್ದಳು. "ಎಷ್ಟು ಸಲ ಬೇಡ ಅಂದೆ! ಬರದ ಕೆಲಸಕ್ಕೆ ಯಾಕೆ ಕೈ ಹಾಕ್ತೀರ? ಎರಡು ವರ್ಷ ರೀ, ಎರಡು ವರ್ಷ!" ಅವನು ತಲೆ ತಗ್ಗಿಸಿ ನಿಂತ. ನಾನು? ಬಾಯಿಗೆ ಬೀಗ ಹಾಕಿಕೊಂಡು ಕಿಟಕಿಯ ಹೊರಗೆ ನೋಡ್ತಿದ್ದೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತೆ.

ಸೋಮವಾರ, ಮಧ್ಯಾಹ್ನ

ಪೈಪುಗಳನ್ನೆಲ್ಲ ತೊಳೆಯುವ ಯಂತ್ರ ಬುಧವಾರ ತರ್ತೀನಿ ಅಂತ ಹೆಲೆನ್ ಹೋದಳು. ಶುಕ್ರವಾರದ ಹೊತ್ತಿಗೆ ಸರಿಯಾಗುತ್ತಾ ಅಂದರೆ, "ನೋಡೋಣ" ಅಂದಳು. ನಾನು ಮೆಹರುನ್ನ ಕರೆದುಕೊಂಡು ಗುಡ್ಡದ ಮೇಲಿನ ಪಾರ್ಕಿಗೆ ಹೋದೆ. ಬೆಂಚಿನ ಮೇಲೆ ಕೂತು ಬಕೆಟ್ಟಿನ ಕಥೆ ಪೂರ್ತಿ ಹೇಳಿದೆ.

ಅವಳು ನಗಲಿಲ್ಲ. "ದಿನಾ ಮಾಡಿದ್ರಾ?"

"ದಿನಾ."

"ಇಮ್ತಿಯಾಜ್ ಭಾಯಿಗೆ ಬೈಗಳು ಬೀಳುವಾಗ ಅಲ್ಲೇ ನಿಂತಿದ್ರಿ."

"ನಿಂತಿದ್ದೆ ಕಣೇ. ಭಾಯ್ ಬಂದು ಎಲ್ಲ ಸರಿಮಾಡ್ತಾರೆ ಅಂತ ನಂಬ್ಕೊಂಡಿದಾಳೆ ಅವಳು. ನಾನೇ ಹಾಳು ಮಾಡಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಇದೇ ಬಾಯಲ್ಲಿ. ಏಳಿ, ನಂಗೆ ಚಳಿಯಾಗ್ತಿದೆ."

ಮನೆಗೆ ಬಂದಾಗ ಗಂಡ ಹೆಂಡತಿ ಅಡುಗೆಮನೆಯಲ್ಲಿ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತಿದ್ದರು. ಕೂರದೆ, ನಿಂತೇ ಹೇಳಿಬಿಟ್ಟೆ. ಆರು ಗಂಟೆ, ಬಕೆಟ್, ಬೆಳ್ಳಿ ಪೈಪು, ಎಲ್ಲ. "ಇಮ್ತಿಯಾಜಂದು ಏನೂ ತಪ್ಪಿಲ್ಲಮ್ಮ. ಮಾಡಿದವನು ನಾನು. ಬೆಳಿಗ್ಗೆ ಸುಮ್ಮನಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು" ಅಂದೆ. ಇಮ್ತಿಯಾಜನ ಕೈ ಹಿಡಿದು ಮಾಫಿ ಕೇಳಿದೆ.

ಶಾಹೀನ್ ಎದ್ದು ನಿಂತಳು. ಕಣ್ಣು ತುಂಬಿ ಬಂತು. "ಬ್ಲೋಡೌನಾ? ಭಾಯ್, ನಮ್ಮ ಅಡುಗೆಮನೇಲಿ ಬ್ಲೋಡೌನಾ?" ಅಂದವಳು, ಅಳುತ್ತಲೇ ನಗೋಕೆ ಶುರು ಮಾಡಿದಳು. ಇಮ್ತಿಯಾಜನೂ ನಕ್ಕ. ಆಮೇಲೆ ಅವಳು ನಗು ನಿಲ್ಲಿಸಿ, "ಶುಕ್ರವಾರ ಆಗ್ಲಿಲ್ಲ ಅಂದ್ರೆ ಮತ್ತೆ ಯಾವಾಗ ಕರೀತಾರೋ ಗೊತ್ತಿಲ್ಲ" ಅಂದಳು.

ಬುಧವಾರ, ಹಿತ್ತಿಲು

ಹೆಲೆನಳಿಗೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡರೆ, ಕಣ್ಣರಳಿಸಿ ನಮ್ಮ ಕಾರ್ಖಾನೆಯ ಬಾಯ್ಲರ್ ಎಷ್ಟು ದೊಡ್ಡದು, ಏನು ಉರಿಸುತ್ತಿದ್ರಿ ಅಂತ ಕೇಳುತ್ತಾ ಎರಡು ಮಗ್ ಚಹಾ ಕುಡಿದಳು. ಅಲ್ಲಿಯ ಚಹಾ ಅಂದರೆ ಬಿಸಿನೀರಿಗೆ ಪುಡಿಯ ಚೀಲ ಇಳಿಬಿಟ್ಟು, ಮೇಲೆ ತಣ್ಣನೆ ಹಾಲು. ಅದನ್ನು ಆಕೆ ದಿನಕ್ಕೆ ಏಳೆಂಟು ಸಲ ಕುಡಿಯುತ್ತಾಳೆ. ಮೆಹರು ಮಾಡಿದ ಕುದಿಸಿದ ಚಹಾ ಕುಡಿದು, "ಇದೇನು ಪಾಯಸವಾ" ಅನ್ನೋ ಮುಖ ಮಾಡಿ, ಮತ್ತೊಂದು ಕೇಳಿದಳು.

"ಗಸಿ ಮೊದಲಿಂದ ಇತ್ತು. ಕೆದಕಿದ್ದು ನೀನು. ಈಗ ತೊಳೆಯೋಕೂ ಕೈ ಕೊಡು, ಲವ್" ಅಂದಳು.

ಆಹಾ, ಆ ದಿನ! ಬಾಯ್ಲರಿಗೆ, ಪೈಪು ತೊಳೆಯೋ ಯಂತ್ರಕ್ಕೆ ಆಕೆ, ರೇಡಿಯೇಟರಿಗೆ ನಾನು. ಒಂದೊಂದನ್ನೇ ಗೋಡೆಯಿಂದ ಬಿಚ್ಚಿ, ನಾನೂ ಇಮ್ತಿಯಾಜನೂ ಹೆಗಲ ಮೇಲೆ ಹಿತ್ತಿಲಿಗೆ ಹೊತ್ತು, ಪೈಪು ತುರುಕಿ ನೀರು ಬಿಟ್ಟರೆ ಕಪ್ಪು ಹೊಳೆ. ಕೈ ಮರಗಟ್ಟಿತ್ತು, ಅಂಗಿಯೆಲ್ಲ ಮಸಿ, ಆದರೂ ನನಗೆ ಕಾರ್ಖಾನೆಯ ವರ್ಷದ ಕೊನೆಯ ದೊಡ್ಡ ರಿಪೇರಿಯ ದಿನಗಳ ಹುಮ್ಮಸ್ಸು ಬಂದುಬಿಟ್ಟಿತ್ತು. ಪಕ್ಕದ ಮನೆಯ ಮುದುಕ ಬೇಲಿಯ ಮೇಲಿಂದ ತಲೆ ಹಾಕಿ, ಹವಾ ಚೆನ್ನಾಗಿದೆ ಅಲ್ವಾ ಅಂದ. ಸೊನ್ನೆ ಡಿಗ್ರಿ! ಹೌದು ಅಂದೆ.

ಮಕ್ಕಳ ಕೋಣೆಯ ಹಳೇ ರೇಡಿಯೇಟರ್ ತಳ ತುಕ್ಕು ಹಿಡಿದಿತ್ತು. ಅದರ ಜಾಗಕ್ಕೆ ಎರಡು ಪಟ್ಟು ದೊಡ್ಡದು ಬಂತು. ಕಿಟಕಿಯ ಸಂದಿಗೆ ನಾನೇ ಪಟ್ಟಿ ಅಂಟಿಸಿದೆ. ಆ ಕೋಣೆಯಲ್ಲಿ ಹಿಂದಿನವರು ಕಲ್ಲಿದ್ದಲು ಉರಿಸುತ್ತಿದ್ದ ಒಲೆಗೂಡಿತ್ತು. ಅದರ ಚಿಮಣಿಯೊಳಗೆ ಕೈ ಹಾಕಿ ನೋಡಿದೆ, ಗಾಳಿ ಸುಯ್ಯಂತ ಮೇಲಕ್ಕೆ ಎಳೆಯುತ್ತಿತ್ತು. ಬಿಸಿಯೆಲ್ಲ ಆಕಾಶಕ್ಕೆ! ಸವಳಂಗ ರಸ್ತೆಯ ಬಾಗಿಲ ಸಂದಿನ ಕಥೆಯೇ ಇಲ್ಲೂ. ಹೆಲೆನ್ ಕುರಿಯುಣ್ಣೆಯ ಒಂದು ದಪ್ಪ ದಿಂಬು ತಂದು ಚಿಮಣಿಯ ಕತ್ತಿಗೆ ತುರುಕಿದಳು. ಉಣ್ಣೆ ಗಿರಣಿಯ ಊರಲ್ಲಿ ಮನೆಗೇ ಸ್ವೆಟರ್!

ಕೊನೆಗೆ ಔಷಧಿ ಬೆರೆಸಿ, ನೀರು ತುಂಬಿ, ಬಾಯ್ಲರ್ ಹಚ್ಚಿದಳು. ಬಿಸಿಯ ಗುಂಡಿಯನ್ನು ಮಾತ್ರ ಹಿಂದಕ್ಕೆ, ಅರ್ಧಕ್ಕೂ ಕೆಳಗೆ ತಿರುಗಿಸಿದಳು. "ಇಷ್ಟೇ ಇರಲಿ. ಮುಟ್ಟಬೇಡ" ಅಂದಳು.

"ಇಷ್ಟು ಕಮ್ಮಿನಾ?" ನನಗೆ ಜೀವ ತಡೆಯಲಿಲ್ಲ.

ಗುರುವಾರ, ಹಿಂದಿನ ಬೀದಿ

ಅದಕ್ಕೆ ಉತ್ತರ ತೋರಿಸೋಕೆ ಮಾರನೇ ದಿನ ಹೆಲೆನ್ ನಮ್ಮಿಬ್ಬರನ್ನೂ ಹಿಂದಿನ ಬೀದಿಯ ಒಂದು ಮನೆಗೆ ಕರೆದೊಯ್ದಳು. ಅಲ್ಲಿ ಗ್ಯಾಸೇ ಇಲ್ಲ. ಹಿತ್ತಿಲಲ್ಲಿ ಒಂದು ಪೆಟ್ಟಿಗೆ, ಮುಂದೆ ದೊಡ್ಡ ಫ್ಯಾನು. ನೋಡಿ ಕೂಗಿಬಿಟ್ಟೆ. "ಇದು ನಮ್ಮ ಏಸಿ ಅಲ್ವಾ!" ಏಸಿಯೇ, ಆದರೆ ಉಲ್ಟಾ. ನಮ್ಮದು ಕೋಣೆಯ ಬಿಸಿ ತೆಗೆದು ರಸ್ತೆಗೆ ಎಸೆಯುತ್ತೆ. ಇದು ಹೊರಗಿನ ಬಿಸಿ ಹಿಂಡಿ ಮನೆಯೊಳಗಿನ ನೀರಿಗೆ ಸೇರಿಸುತ್ತೆ. ಹೊರಗೆ ಬಿಸಿ ಎಲ್ಲಿದೆ ಅಂತ ನೀವು ಕೇಳಬಹುದು, ಮೆಹರುನೂ ಕೇಳಿದಳು. ಫ್ಯಾನಿನ ಮುಂದೆ ಕೈ ಹಿಡಿದೆ. ಆ ಕೊರೆಯುವ ಚಳಿಗಿಂತಲೂ ತಣ್ಣನೆಯ ಗಾಳಿ ಬರುತ್ತಿತ್ತು. ಆ ಚಳಿಯಲ್ಲೂ ಇದ್ದ ಚೂರುಪಾರು ಬಿಸಿಯನ್ನು ಯಂತ್ರ ಒಳಗೆ ಎಳೆದುಕೊಂಡಿತ್ತು! ನಾನು ಏಸಿಗೆ ಇಷ್ಟು ವರ್ಷ ಗ್ಯಾಸ್ ತುಂಬಿದವನು, ಅವತ್ತು ಅದಕ್ಕೆ ಕೈಮುಗಿಯುವಷ್ಟು ಆನಂದಪಟ್ಟೆ.

ಆ ಮನೆಯ ರೇಡಿಯೇಟರ್ ಮುಟ್ಟಿದರೆ ಬರೀ ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಆದರೆ ಮನೆ ಹಿತವಾಗಿತ್ತು. ನೀರು ಅಷ್ಟು ಕಾಯಬೇಕಿಲ್ಲ, ರೇಡಿಯೇಟರ್ ದೊಡ್ಡದಿರಬೇಕು, ಬಿಸಿ ಸೋರಬಾರದು, ದಿನವಿಡೀ ಮೆಲ್ಲಗೆ ಹರಿಯಬೇಕು. ಮುಂದೆ ಶಾಹೀನ್ ಮನೆಗೂ ಈ ಪೆಟ್ಟಿಗೆ ಬರಬೇಕಾದರೆ ಈಗಿನಿಂದಲೇ ಹೀಗೆ ಒಗ್ಗಿಸಬೇಕು ಅಂದಳು ಹೆಲೆನ್.

ಶುಕ್ರವಾರ

ಅಧಿಕಾರಿ ಹತ್ತಕ್ಕೆ ಬರುವವರಿದ್ದರು. ಒಂಬತ್ತಕ್ಕೆ ನಾನು ಮಕ್ಕಳ ಕೋಣೆಯ ರೇಡಿಯೇಟರ್ ಮುಟ್ಟಿದೆ. ಬೆಚ್ಚಗಿತ್ತು, ಅಷ್ಟೇ. ಸರ್ಕಾರದವರು ಮುಟ್ಟಿದಾಗ ಬಿಸಿ ಅನ್ನಿಸಬೇಡವಾ? ನಮ್ಮ ಕಾರ್ಖಾನೆಯಲ್ಲಿ ದೊಡ್ಡ ಸಾಹೇಬರು ಬರ್ತಾರೆ ಅಂದರೆ ಮೊದಲು ಒತ್ತಡ ಏರಿಸಿ ಮುಳ್ಳು ನಿಲ್ಲಿಸುತ್ತಿದ್ದೆವು. ಸದ್ದಿಲ್ಲದೆ ಅಡುಗೆಮನೆಗೆ ಹೋದೆ. ಬೀರು ತೆಗೆದೆ. ಗುಂಡಿಯ ಮೇಲೆ ಬೆರಳಿಟ್ಟೆ.

ಸ್ವಲ್ಪ ತಿರುಗಿಸಿದರೆ ಸಾಕಿತ್ತು. ಎರಡು ವಾರ ಇದೇ ಬೀರುವಿನ ಮುಂದೆ, ನನಗೆ ಗೊತ್ತು ಅಂತ ಮಾಡಿದ್ದೆಲ್ಲ ನೆನಪಾಯ್ತು. ಬೆರಳು ತೆಗೆದೆ.

"ಏನ್ ಮಾಡ್ತಿದೀರ ಭಾಯ್?" ಬಾಗಿಲಲ್ಲಿ ಶಾಹೀನ್, ಮುಖ ಬಿಳಿಚಿಕೊಂಡು.

"ಈ ಸಲ ಏನೂ ಮಾಡ್ಲಿಲ್ಲಮ್ಮ. ಅದೇ ದೊಡ್ಡ ಸಮಾಚಾರ" ಅಂದೆ.

ಅಧಿಕಾರಿ ಸಣ್ಣ ಮೈಯ, ಕನ್ನಡಕದ ಹೆಂಗಸು. ಮೆಟ್ಟಿಲು, ಬಚ್ಚಲು, ಔಷಧಿ ಡಬ್ಬಿ ಎಲ್ಲ ನೋಡಿದರು. ಮಕ್ಕಳ ಕೋಣೆಗೆ ಬಂದು, ಮಂಡಿಯೂರಿ, ಅಂಗೈಯನ್ನು ರೇಡಿಯೇಟರಿಗೆ ಒತ್ತಿ ಹಿಡಿದರು. ಹಿಡಿದೇ ಇದ್ದರು. ನಾನು ಬಾಗಿಲ ಹಿಂದೆ ನಿಂತು ನೋಡ್ತಿದ್ದೆ.

"ಒಳ್ಳೇದಾಯ್ತು. ಹೋದ ಮನೆಯಲ್ಲಿ ಕೈ ಇಡೋಕಾಗಲಿಲ್ಲ, ಸುಡ್ತಿತ್ತು. ಮಗು ಒರಗಿದ್ರೆ ಬೊಬ್ಬೆ ಬರ್ತಿತ್ತು. ಅವರಿಗೆ ಒಪ್ಪಿಗೆ ಬರೆದುಕೊಡೋಕೆ ಆಗಲಿಲ್ಲ" ಅಂದರು. ಗೋಡೆಯ ಮೇಲಿನ ಉಷ್ಣಮಾಪಕ ನೋಡಿ ಏನೋ ಗೀಚಿಕೊಂಡರು.

ಒಂದು ತಿರುವು ಹೆಚ್ಚು ಕೊಟ್ಟಿದ್ದರೆ ತಂಗಿಯ ಎರಡು ವರ್ಷ ನೀರಿಗೆ ಹೋಗುತ್ತಿತ್ತು!

ಹೊರಡುವ ವಾರ

ಒಪ್ಪಿಗೆಯ ಪತ್ರ ಬರೋಕೆ ವಾರಗಳೇ ಹಿಡಿದವು. ಬಂದ ದಿನ ಶಾಹೀನ್ ಅದನ್ನು ನನ್ನ ಕೈಗೆ ಕೊಟ್ಟು ಓದಿಸಿದಳು, ಹೆಲೆನಳಿಗೆ ಫೋನಿನಲ್ಲಿ ಓದಿ ಹೇಳಿದಳು, ಇಮ್ತಿಯಾಜ್ ಅದರ ಫೋಟೋ ತೆಗೆದು ಇಡೀ ನ್ಯೂ ಟೌನಿಗೆ ಕಳಿಸಿದ.

ನಾವು ಹೊರಡುವ ಎರಡು ದಿನ ಮೊದಲು, ಬೆಳಿಗ್ಗೆ ಏಳೂವರೆಗೆ, ಮೊದಲ ಮಗು ಬಂತು. ಒಂದೂವರೆ ವರ್ಷದ ಹುಡುಗಿ, ಉಣ್ಣೆ ಬಟ್ಟೆಯಲ್ಲಿ ಬರೀ ಮೂಗು ಕಾಣುತ್ತಿತ್ತು. ಹೊರಗೆ ಹಿಮ ಬೀಳುತ್ತಿತ್ತು. ತಾಯಿ ಹೋದ ಮೇಲೆ ಸ್ವಲ್ಪ ಅತ್ತು, ಬಟ್ಟೆಯ ಆನೆ ಕಂಡು ಸುಮ್ಮನಾಗಿ ನೆಲದ ಮೇಲೆ ಕೂತಿತು. ಕೂತದ್ದೇ, ಕಾಲುಚೀಲ ಎರಡನ್ನೂ ಕಿತ್ತು ಎಸೆಯಿತು. ಶಾಹೀನ್ ಹೆಕ್ಕಿ ತಂದು ಹಾಕಿದಳು. ಅದು ಮತ್ತೆ ಕಿತ್ತು ಎಸೆದು, ಗುಲಾಬಿ ಬಣ್ಣದ ಹತ್ತೂ ಬೆರಳು ಚಾಚಿ, ನನ್ನನ್ನೇ ನೋಡಿ ನಕ್ಕಿತು.

ಶಾಹೀನ್ ಬಗ್ಗಿ ಬರಿಗಾಲು ಮುಟ್ಟಿ ನೋಡಿದಳು. ಆಮೇಲೆ ಕಾಲುಚೀಲಗಳನ್ನು ಮಡಚಿ ತನ್ನ ಜೇಬಿಗೆ ಹಾಕಿಕೊಂಡು, "ಇರ್ಲಿ ಬಿಡಿ ಭಾಯ್, ಕಾಲು ಬೆಚ್ಚಗೇ ಇದೆ" ಅಂದಳು.